ಫೋಟೋ ಖೋಲಿ ಯಾರಿಗೂ ಬೇಡವಾಗಿದ್ದ ಕಾಲ

ನಮ್ಮ ಕಿರಿಸೊಸೆಯ ತಮ್ಮ ಡಾಕ್ಟರಿಕೆ ಓದಿ ಮುಗಿಸಿದ್ದಾನೆ. ಮೊನ್ನೆ ಸೋಮವಾರ ಪೇಡೆಯ ಪೊಟ್ಟಣ ಹಿಡಿದು ಬಂದು ಕಾಲಿಗೆ ಬಿದ್ದ. "ಅಮ್ಮಾ, ಎಕ್ಸ್‌ರೇ ಕೋರ್ಸಿಗೆ ಸೀಟು ಸಿಕ್ತು" ಅಂದ.

"ಅಯ್ಯ, ಬ್ಯಾರೆ ಯಾವುದೂ ಸಿಗಲಿಲ್ಲೇನಪ್ಪಾ?" ಎಂದೆ, ಮರುಕದಿಂದಲೇ.

ಹುಡುಗ ನಕ್ಕುಬಿಟ್ಟ. "ನೀವು ಯಾವ ಕಾಲದಾಗ ಇದ್ದೀರಿ? ಈಗ ಚಲೋ ಮಾರ್ಕ್ ಬಿದ್ದವರೇ ಅದನ್ನ ಮೊದಲು ಕೇಳ್ಲಕತ್ಯಾರ. ಹೊಟ್ಟಿ ಮ್ಯಾಲ ಹಿಡಿಕಿ ಆಡಿಸಿ, ಒಳಗಿನ ಕೂಸನ್ನ ಟೀವಿಯಾಗ ತೋರಸೋ ಮಷೀನು ಹೈದರಾಬಾದಿಗಿ ಬಂದದ. ನಮ್ಮ ಕಾಲೇಜಿನಾಗ ಆ ಸೀಟಿಗಿ ಜಗಳಾನೇ ಆತು."

ಜಗಳ! ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ತಾಂಡೂರಿನ ದವಾಖಾನೆಯ ಎಕ್ಸ್‌ರೇ ಖೋಲಿಯಲ್ಲಿ ನಾನು ಹೆಣ್ಣುಮಕ್ಕಳ ಕಡೆಯ ಕೆಲಸ ನೋಡಿಕೊಂಡು ಮುದುಕಿಯಾದವಳು. ಹೊಸ ಡಾಕ್ಟರ ಹುಡುಗರು ಆ ಬಾಗಿಲ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಿದ್ದುದನ್ನು ಕಂಡವಳು. "ನಿಮಗ ಗೊತ್ತಿದ್ದದ್ದು ಬರೆದು ಕೊಡ್ರಿ, ನಾವು ಓದ್ತೀವಿ" ಎಂದು ಆ ಹುಡುಗ ಹೇಳಿ ಹೋದ. ನಾನು ಓದಿದ್ದು ಕಡಿಮೆ. ನಮ್ಮೂರ ಶಾಲೆ ತೆಲುಗಿಗೆ ತಿರುಗುವುದಕ್ಕೆ ಮೊದಲು ಕಲಿತ ಕನ್ನಡ ಇದು. ನಮ್ಮ ದೇವರು ಸಂಗಮೇಶ್ವರ ಬರೆಸಿದಷ್ಟು ಬರೆಯುತ್ತೇನೆ.

ನಾನು ಮನೆವಾರ್ತೆಯ ಹೆಂಗಸು. ನೌಕರಿ ಮಾಡುತ್ತೇನೆಂದು ಕನಸಿನಲ್ಲೂ ಎಣಿಸಿದ್ದಿಲ್ಲ. ದವಾಖಾನೆಯವರು ದೊಡ್ಡ ಎಕ್ಸ್‌ರೇ ಮಷೀನು ತರಿಸಿದ ಮೇಲೆ ಒಂದು ತೊಂದರೆ ಎದುರಾಯಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಕತ್ತಲ ಕೋಣೆಯಲ್ಲಿ ಗಂಡಸೊಬ್ಬನ ಮುಂದೆ ಕುಪ್ಪಸ ಬಿಚ್ಚಿ ನಿಲ್ಲಲಾರರು. ಬಾಗಿಲ ತನಕ ಬಂದವರು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಯಾರಾದರೂ ಮನೆತನಸ್ಥ ಹೆಂಗಸು ಬೇಕೆಂದು ಕಾಶೀನಾಥ ಡಾಕ್ಟರು ನಮ್ಮ ಯಜಮಾನರನ್ನು ಕೇಳಿದರು. ಯಜಮಾನರು ಟೈಲರು, ಡಾಕ್ಟರ ಕೋಟು ಹೊಲಿಯುತ್ತಿದ್ದವರು. "ಮುಂಜಾನೆ ಪೂಜಿ, ಅಡಗಿ ಮುಗಿಸಿ ಹೋಗು, ಆಕಳು ಕರಿಯೋ ಹೊತ್ತಿಗಿ ಬಾ" ಎಂದರು. ಅಷ್ಟು ಸರಳವಾಗಿ ಹೂಂ ಅಂದ ಗಂಡ ಸಿಕ್ಕಿದ್ದು ಶಿವನ ಮೊದಲನೆಯ ಕರುಣೆ.

ಕೆಲಸವೆಂದರೆ ಏನು? ಹೆಣ್ಣುಮಕ್ಕಳಿಗೆ ಧೈರ್ಯ ಹೇಳುವುದು, ಒಡವೆ ಬಿಚ್ಚಿಸುವುದು, ಹಲಗೆಗೆ ಎದೆ ಆನಿಸಿ ನಿಲ್ಲಿಸುವುದು, ಉಸಿರು ಹಿಡಿಸುವುದು. ಜಹೀರಾಬಾದ್, ನಾರಾಯಣಖೇಡ್ ಕಡೆಯಿಂದಲೂ ಬರುತ್ತಿದ್ದರು. "ಫೋಟೋ" ಎಂದು ಕೇಳಿ ಪೌಡರು ಹಚ್ಚಿ, ಹೂ ಮುಡಿದು ಬಂದವರಿಗೆ ಲೆಕ್ಕವಿಲ್ಲ. ನಾರಾಯಣಖೇಡದ ಒಬ್ಬ ಅಜ್ಜಿ ಒದ್ದೆ ಫಿಲ್ಮು ನೋಡಿ, "ಎವ್ವಾ, ರೊಕ್ಕ ತಗೊಂಡು ಬರೇ ಎಲುಬು ತೆಗ್ದೀರಿ. ನನ್ನ ಮಾರಿ ಎಲ್ಲಿ?" ಎಂದು ಜಗಳ ತೆಗೆದಿದ್ದಳು.

ಇನ್ನೊಂದು ಕೆಲಸ ನಾಜೂಕಿನದು. ಬಸಿರಿದ್ದವಳಿಗೆ ಆ ಕಿರಣ ಬಿಡಬಾರದು. ಹೊಸ ಸೊಸೆ ಅತ್ತೆಯ ಎದುರು ಬಾಯಿ ಬಿಡುವುದಿಲ್ಲ. ಅತ್ತೆಗೆ ಹೊರಗೆ ಕುಳಿತು ಒಂದಿಷ್ಟು ಹತ್ತಿ ಬಿಡಿಸಿಕೊಡಲು ಹೇಳಿ, ಸೊಸೆಯ ಕಿವಿಯಲ್ಲಿ "ಹೊರಗ ಕೂತಿದ್ದು ಯಾವಾಗವ್ವಾ?" ಎಂದು ಕೇಳುತ್ತಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿದರೆ ನನಗೆ ತಿಳಿಯಿತು. ಕಾಶೀನಾಥ ಡಾಕ್ಟರು ನನ್ನ ಮುಖ ನೋಡಿಯೇ ಮಷೀನು ಬಂದ್ ಮಾಡುತ್ತಿದ್ದರು.

ಇನ್ನು ಲಿಂಗದ ವಿಷಯ. ನಮ್ಮ ಲಿಂಗವಂತ ಹೆಣ್ಣುಮಕ್ಕಳ ಕೊರಳಲ್ಲಿ ಇಷ್ಟಲಿಂಗ ಇರುತ್ತದೆ. ಉಳ್ಳವರದು ಬೆಳ್ಳಿಯ ಕರಡಿಗೆಯಲ್ಲಿ, ಬಡವರದು ಬಟ್ಟೆಯಲ್ಲಿ ಸುತ್ತಿ ದಾರದಲ್ಲಿ. ಅದು ನೇತಾಡುವುದು ಎದೆಯ ಮೇಲೆಯೇ, ಎಕ್ಸ್‌ರೇ ಬೇಕಾಗಿರುವುದೂ ಅಲ್ಲಿಯೇ. ಅದನ್ನು ಮೈಯಿಂದ ಬೇರೆ ಮಾಡು ಎಂದರೆ ಜೀವ ಬಿಡು ಎಂದ ಹಾಗೆ. ನನಗೂ ಹಾಗೆಯೇ ಅಲ್ಲವೆ? ಅದಕ್ಕೆ ದಾರ ಕೊರಳಲ್ಲೇ ಇರಲಿ ಎಂದು ಲಿಂಗವನ್ನು ಬೆನ್ನ ಕಡೆಗೆ ತಿರುಗಿಸಿ, ಮೇಲಕ್ಕೆತ್ತಿ, ತುರುಬಿನ ಮೇಲಿಟ್ಟು ಸೆರಗಿನಿಂದ ಕಟ್ಟುತ್ತಿದ್ದೆ. ಲಿಂಗ ನೆತ್ತಿಗೇರಿತು, ಮೈಬಿಟ್ಟಂತೆಯೂ ಆಗಲಿಲ್ಲ, ಎದೆಯೂ ಬರಿದಾಯಿತು. ಇದು ನಮ್ಮ ಖೋಲಿಯ ಪದ್ಧತಿ. ಡಾಕ್ಟರು ಒಂದು ದಿನವೂ ಆತುರ ಮಾಡಲಿಲ್ಲ. "ಆಗ್ಲಿ ಮಾದೇವಮ್ಮ, ದೇವ್ರನ್ನ ಏರಸಿದ ಮ್ಯಾಲ ಹೇಳ್ರಿ" ಎಂದು ಹೊರಗೆ ನಿಲ್ಲುತ್ತಿದ್ದರು.

ಕಾಶೀನಾಥ ಡಾಕ್ಟರಂಥ ಮೇಲಿನವರು ಸಿಗಲು ಪುಣ್ಯ ಬೇಕು. ಕಲಬುರಗಿ ಕಡೆಯವರು. ಬೇರಿಯಂ ಕುಡಿಸಿ ಹೊಟ್ಟೆ ನೋಡುವ ದಿನ, ಕತ್ತಲಲ್ಲಿ ಕಣ್ಣು ಹರಿಯಲೆಂದು ಮೊದಲೇ ಕೆಂಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು. ಹಾಗೇ ಬಜಾರಿಗೆ ಹೋಗಿ ಬದನೆಕಾಯಿ ಆರಿಸಿ, ಮನೆಯಲ್ಲಿ ಬೈಸಿಕೊಂಡದ್ದೂ ಉಂಟು. ಕೆಂಪು ಗಾಜಿನಲ್ಲಿ ಹಣ್ಣಾದದ್ದು ಯಾವುದು, ಎಳೆಯದು ಯಾವುದು ಎಂದು ಹೇಗೆ ಗೊತ್ತಾಗಬೇಕು?

ತಾಂಡೂರಿನ ಬಿಸಿಲು ನಿಮಗೆ ಗೊತ್ತಲ್ಲ. ಊರೆಲ್ಲ ಹಾಸುಗಲ್ಲು. ಬೇಸಿಗೆಯಲ್ಲಿ ಫಿಲ್ಮು ತೊಳೆಯುವ ಔಷಧದ ನೀರು ಕಾದು, ಫಿಲ್ಮಿನ ಮೇಲಿನ ಚಿತ್ರ ಹಾಲಿನ ಕೆನೆಯಂತೆ ಜಾರಿ ಕೈಗೆ ಬರುತ್ತಿತ್ತು. ಆಮೇಲೆ ಸೋಡಾ ಅಂಗಡಿಯಿಂದ ಹೊಟ್ಟಿನಲ್ಲಿ ಸುತ್ತಿದ ಬರ್ಫ ತರಿಸಿ ತೊಟ್ಟಿಯ ಸುತ್ತ ಇಡುವುದು ರೂಢಿಯಾಯಿತು. ತೊಳೆದ ಫಿಲ್ಮುಗಳನ್ನು ಪಡಸಾಲೆಯ ಹಗ್ಗಕ್ಕೆ ಒಣಹಾಕುತ್ತಿದ್ದೆವು. ಒಮ್ಮೆ ಯಾರದೋ ಆಡು ಒಳಗೆ ಬಂದು ಯಾಲಾಲದ ಪಟೇಲರ ಮೊಳಕಾಲು ಅರ್ಧ ತಿಂದುಹಾಕಿತು. ನಾನು ಅಳುತ್ತ ನಿಂತರೆ ಡಾಕ್ಟರು, "ಅಳಬ್ಯಾಡ್ರಿ. ಪಟೇಲರ ಮೊಳಕಾಲು ಪಟೇಲರ ಹಂತ್ಯಾಕೇ ಅದ, ಇನ್ನೊಂದು ತೆಗಿಯೋಣ" ಎಂದರು.

ಇಂಥವರ ಕೈಕೆಳಗೆ ಕಲಿಯಲು ಒಬ್ಬ ಹುಡುಗನೂ ಬರಲಿಲ್ಲವಲ್ಲ ಎಂಬುದೇ ನನ್ನ ಕೊರಗು. ಡಾಕ್ಟರಿಕೆ ಮುಗಿಸಿದ ಹುಡುಗರನ್ನು ಕೆಲವು ತಿಂಗಳು ನಮ್ಮಂಥ ಊರಿಗೆ ಕಳಿಸುತ್ತಿದ್ದರು. ಎಲ್ಲರಿಗೂ ಚಾಕು ಹಿಡಿಯುವ ಆಸೆ, ಇಲ್ಲವೆ ಕೊರಳಿಗೆ ಸ್ಟೆತಾಸ್ಕೋಪು ಹಾಕಿ ನಾಡಿ ನೋಡುವ ಆಸೆ. ಹೆಣ್ಣುಮಕ್ಕಳಾದರೆ ಹೆರಿಗೆ. ಒಬ್ಬ ಹುಡುಗ ನನ್ನ ಮುಂದೆಯೇ ಬಿಚ್ಚಿ ಹೇಳಿದ: "ಅಕ್ಕಾ, ಆಪರೇಷನ್ ಮಾಡಿದವನ ಕಾಲಿಗಿ ಜನ ಬೀಳ್ತಾರ. ಫೋಟೋ ನೋಡಿದವನ ಹೆಸರು ಯಾರು ಕೇಳ್ತಾರ? ಹೆಣ್ಣು ಕೊಡಾಕ ಬಂದವ್ರು ಸುದ್ದಾ ಎದ್ದು ಹೋಗ್ತಾರ." ಸುಳ್ಳಲ್ಲ. ಇಷ್ಟು ವರ್ಷ ಊರಿನ ಎದೆಗಳನ್ನು ನೋಡಿದ ಕಾಶೀನಾಥ ಡಾಕ್ಟರಿಗೆ ಊರವರು ಕೊಟ್ಟ ಹೆಸರು "ಫೋಟೋದವರು". ಯಾವ ಸೀಟೂ ಸಿಗದವರು, ಮನಸ್ಸಿಲ್ಲದ ಮನಸ್ಸಿನಿಂದ ಸೇರುವ ಕೋರ್ಸು ಅದು ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ಗಿರಿಜಾ ಬಂದಳು.

ಜಹೀರಾಬಾದಿನ ಅಡತಿ ವ್ಯಾಪಾರಿ ವೀರಭದ್ರಪ್ಪ ಸಾವಕಾರರ ಮಗಳು. ನಮ್ಮವರೇ, ಲಿಂಗವಂತರು. ಕಾಲೇಜಿನಲ್ಲಿ ಮೇಲಿನ ಮಾರ್ಕಿನವಳು, ಯಾವ ಸೀಟು ಬೇಕಾದರೂ ಸಿಗುವಂಥವಳು. ಅಪ್ಪ ಆಗಲೇ ಜಹೀರಾಬಾದಿನಲ್ಲಿ ಜಾಗ ಕೊಂಡು, ಮಗಳಿಗೆ ಹೆರಿಗೆ ಆಸ್ಪತ್ರೆ ಕಟ್ಟಿಸಲು ಬುನಾದಿ ತೋಡಿಸಿದ್ದರು. ಹುಡುಗಿ ಮೊದಲ ವಾರ ನಮ್ಮ ಖೋಲಿಗೆ ಬಂದದ್ದು ತಂಪಿಗೆ ಮಾತ್ರ. "ಅಕ್ಕಾ, ಈ ದವಾಖಾನ್ಯಾಗ ಬರ್ಫ ಇರೋದು ಇಲ್ಲೇ" ಎಂದು ತೊಟ್ಟಿಯ ಪಕ್ಕ ಕುಳಿತುಬಿಡುತ್ತಿದ್ದಳು.

ಕುಳಿತವಳಿಗೆ ಡಾಕ್ಟರು ಒಂದು ಫಿಲ್ಮು ಕೊಟ್ಟರು. ಅವಳು ತಟ್ಟನೆ ರೋಗದ ಹೆಸರು ಹೇಳಿದಳು.

"ಹೆಸರು ಆಮ್ಯಾಲ ಇಡ್ರಿ. ಮೊದಲ ಕೂಸಿನ ಮಾರಿ ನೋಡ್ರಿ" ಎಂದರು ಡಾಕ್ಟರು. "ಏನು ಕಾಣ್ಲಕತ್ತದ ಅಷ್ಟೇ ಹೇಳ್ರಿ. ಮ್ಯಾಲಿಂದ ತೆಳಗ, ಎಡಕ್ಕ, ಬಲಕ್ಕ."

ಅವಳು ನೋಡಿದಳು. ಮರುದಿನವೂ ಬಂದು ನೋಡಿದಳು. ಆಮೇಲೆ ತಂಪಿನ ನೆಪ ಬೇಕಾಗಲಿಲ್ಲ. ಒಂದು ದಿನ ನನ್ನ ಜೊತೆ ರೊಟ್ಟಿ ತಿನ್ನುತ್ತ, "ಅಕ್ಕಾ, ನಾ ಈ ಕೋರ್ಸೇ ಕೇಳಬೇಕಂತ ಮಾಡೀನಿ" ಎಂದಳು. ನನ್ನ ಕೈಯ ತುತ್ತು ಹಾಗೇ ನಿಂತಿತು.

ಅವಳ ಅಪ್ಪನಿಗೆ ಸುದ್ದಿ ಮುಟ್ಟಿ ಅವರು ಜೀಪಿನಲ್ಲಿ ಬಂದರು. ಗಿಡದ ಕೆಳಗೆ ನಿಂತು ದವಾಖಾನೆಗೆಲ್ಲ ಕೇಳುವಂತೆ ಮಗಳಿಗೆ ಹೇಳಿದರು: "ಫೋಟೋ ತೆಗ್ಯಾಕ ಡಾಕ್ಟರ್ ಯಾಕ ಆಗ್ಬೇಕಿತ್ತು? ಬಸ್ ಸ್ಟ್ಯಾಂಡ್ ಮುಂದ ಸ್ಟುಡಿಯೋ ಹಾಕ್ಕೊಡ್ತಿದ್ದೆ, ಹಿಂದಿನ ಪರದೆ ಮ್ಯಾಲ ಚಾರಮಿನಾರೂ ಬರೆಸ್ತಿದ್ದೆ! ಬುನಾದಿ ತೋಡಿದ್ದು ಹೆರಿಗಿ ದವಾಖಾನಿಗಿ. ಅರ್ಜಿ ಹಾಕೋದು ಅದಕ್ಕೇ. ಇನ್ನೊಂದು ಮಾತು ಬ್ಯಾಡ."

ಗಿರಿಜಾ ಒಳಗೆ ಬಂದು ಮುಖ ತೊಳೆದಳು. "ನೀವಾದ್ರೂ ಅಪ್ಪಗ ಒಂದು ಮಾತು ಹೇಳ್ರಿ ಸರ್" ಎಂದಳು.

ಡಾಕ್ಟರು ತಲೆ ಅಲ್ಲಾಡಿಸಿದರು. "ನಾ ಹೇಳಂಗಿಲ್ಲಮ್ಮ. ಕತ್ತಲ್ಯಾಗ ಕೂಡೋ ಕೆಲಸ, ಹೆಸರು ಬರಂಗಿಲ್ಲ. ನಾ ಹೇಳಿ ನೀವು ಬಂದ್ರ, ನಾಳಿ ಬ್ಯಾಸರಾದಾಗ ನನ್ನ ನೆನಿಸಿ ಬೈತೀರಿ."

ಅರ್ಜಿ ಹಾಕುವ ದಿನ ಹತ್ತಿರ ಬರುತ್ತಿತ್ತು. ನಾನು ದಿನಾ ಪೂಜೆಯಲ್ಲಿ, ತಂದೆ, ಆ ಹುಡುಗಿಗೆ ಒಳ್ಳೆಯದು ಯಾವುದೋ ಅದನ್ನು ಮಾಡು ಎಂದಷ್ಟೇ ಬೇಡಿದೆ. ಯಾವುದು ಎಂದು ನಾನು ಹೇಳಲಿಲ್ಲ, ಅದು ಅವನ ಕೆಲಸ.

ಆ ವಾರವೇ ಯಾಲಾಲದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳ ಹೆಸರು ಸಿದ್ದಮ್ಮ. ಝರಾಸಂಗಂ ಕಡೆ ಕೊಟ್ಟಿದ್ದರು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಕೆಮ್ಮು ಬಿಡದೆ ಎಲ್ಲೋ ಹೊರಗೆ ಎಕ್ಸ್‌ರೇ ತೆಗೆಸಿದ್ದಾರೆ. ಎದೆಯಲ್ಲಿ ಗಡ್ಡೆ ಇದೆ, ಹೈದರಾಬಾದಿಗೆ ಹೋಗಿ ಎದೆ ಕೊಯ್ಯಿಸಬೇಕು ಎಂದು ಹೇಳಿ ಕಳಿಸಿದ್ದಾರೆ. ಅತ್ತೆ ಅಂದೇ ಸೀರೆಯ ಗಂಟು ಕಟ್ಟಿ ತವರಿಗೆ ದಬ್ಬಿದ್ದಾಳೆ.

"ಬಿಮಾರಿ ಹುಡುಗಿಗಿ ಮುಚ್ಚಿ ಕೊಟ್ಟೀರಿ ಅಂತ ಬೈದರ್ರಿ" ಎಂದು ತಾಯಿ ಅತ್ತಳು. "ಇದು ಹೋಗಲಿಲ್ಲಂದ್ರ ಅವರು ಬ್ಯಾರೆ ಹೆಣ್ಣು ನೋಡ್ತಾರಂತ್ರಿ."

ಗಿರಿಜಾ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಹಚ್ಚಿದಳು. ನಾನೂ ನೋಡಿದೆ. ಎಡಗಡೆ, ಪಕ್ಕೆಲುಬುಗಳ ನಡುವೆ, ನಿಂಬೆಹಣ್ಣಿನಂಥ ಬಿಳಿಯ ದುಂಡು. ಡಾಕ್ಟರು ಹಿಂದೆ ಕೈಕಟ್ಟಿ ನಿಂತರು.

ಗಿರಿಜಾ ಬಹಳ ಹೊತ್ತು ನೋಡಿದಳು. "ಸರ್, ಅಂಚು ಭಾಳ ಸಾಫ್ ಅದ. ಮೈಯಾಗ ಬೆಳೆದದ್ದು ಇಷ್ಟು ದುಂಡಗ ಹೆಂಗ ಬೆಳಿತದ?" ಎಂದಳು. ಬಾಗಿಲಿನಲ್ಲಿ ನಿಂತ ಸಿದ್ದಮ್ಮನ ಕಡೆ ತಿರುಗಿದಳು. ಹೆದರಿದ ಹುಡುಗಿ ಬಲಗೈಯಿಂದ ಕುಪ್ಪಸದೊಳಗಿನ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೆದರಿಕೆಯಾದಾಗ ನಮ್ಮವರ ಕೈ ಎಲ್ಲಿಗೆ ಹೋಗುತ್ತದೆ ಎಂದು ನಮ್ಮವರಿಗೆ ಗೊತ್ತು. ಗಿರಿಜಾಳ ಕೈಯೂ ತನ್ನ ಎದೆಯ ಕರಡಿಗೆಗೆ ಹೋಯಿತು.

"ಅವ್ವಾ, ಅಲ್ಲಿ ಫೋಟೋ ತೆಗಿಯೋವಾಗ ಲಿಂಗ ಎಲ್ಲಿಟ್ಟಿದ್ದಿ?"

ಸಿದ್ದಮ್ಮ ತಾಯಿಯ ಮುಖ ನೋಡಿದಳು. "ಬೆಳ್ಳಿ ಬಂಗಾರ ಕಬ್ಬಿಣ ಏನಾರ ಅದ ಏನು ಅಂತ ಕೇಳಿದರ್ರಿ. ಇಲ್ಲ ಅಂದೆ. ಇದು ಬಟ್ಟ್ಯಾಗ ಅದಲ್ರಿ. ತೆಗಿ ಅಂದುಗಿಂದಾರು ಅಂತ ಕುಬಸದಾಗ ಬಗಲಿಗಿ ಸರಸಿ ಮುಚ್ಚಿಟ್ಟೆ."

ಸುಳ್ಳು ಹೇಳಿರಲಿಲ್ಲ ಪಾಪ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು.

ನಾನು ಅವಳನ್ನು ಒಳಗೆ ಕರೆದು, ಯಾವಾಗಲೂ ಕೇಳುವುದನ್ನು ಕೇಳಿ, ಲಿಂಗವನ್ನು ತುರುಬಿಗೇರಿಸಿ ಸೆರಗು ಕಟ್ಟಿದೆ. ಗಿರಿಜಾ ತಾನೇ ಮಷೀನು ಹಿಡಿದಳು. ಕರೆಂಟು ಹೋಗಲಿಲ್ಲ, ಅದೂ ಒಂದು ಕರುಣೆ. ತೊಟ್ಟಿಯಿಂದ ಫಿಲ್ಮು ಮೇಲೆತ್ತಿದಾಗ ಎದೆ ಎರಡೂ ಕಡೆ ತೊಳೆದ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ದುಂಡು ಇರಲಿಲ್ಲ. ನಾನು "ಶಿವಾ" ಎಂದು ಗೋಡೆಗೆ ಒರಗಿದೆ.

ಆದರೆ ತಾಯಿ ನಂಬಲಿಲ್ಲ. "ಎವ್ವಾ, ಎರಡು ಫೋಟೋ, ಎರಡು ಮಾತು. ನಿಮ್ಮದೇ ತಪ್ಪಿದ್ರ? ಇದು ಬ್ಯಾರೆ ಯಾರದೋ ಎದಿ ಅಂತ ಬೀಗರು ಅಂದ್ರ ನಾ ಏನು ಹೇಳ್ಲಿ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಗಿರಿಜಾ ಎರಡೂ ಫಿಲ್ಮು ಮತ್ತೊಮ್ಮೆ ನೋಡಿದಳು. "ಲಿಂಗ ಇದ್ದಲ್ಲೇ ಇಟ್ಟು ಇನ್ನೊಂದು ತೆಗಿಬಹುದು. ಆದ್ರ ಸುಮ್ಮನ ಆ ಹುಡುಗಿ ಮೈಗಿ ಮತ್ತ ಕಿರಣ ಯಾಕ ಬಿಡೋದು?" ಎಂದು ತನಗೆ ತಾನೇ ಹೇಳಿಕೊಂಡು ನನ್ನ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಮನ್ಯಾಗ ಹೊಸಾ ಲಿಂಗ ಅದ ಏನು? ಯಾರಿಗೂ ಕಟ್ಟಲಾರದ್ದು?"

ಇತ್ತು. ನನ್ನ ದೊಡ್ಡ ಮಗಳ ಬಾಣಂತನ ಹತ್ತಿರವಿತ್ತು, ಹುಟ್ಟುವ ಕೂಸಿಗೆ ಕಟ್ಟಲೆಂದು ಮಠದಿಂದ ತಂದಿಟ್ಟಿದ್ದೆ. ಪೂಜೆಯಾಗುವ ತನಕ ಅದು ಬರಿಯ ಕಲ್ಲು ಎಂದು ಸ್ವಾಮಿಗಳೇ ಹೇಳುತ್ತಾರೆ. ಆದರೂ ಮನೆಗೆ ಓಡುವಾಗ ದಾರಿಯುದ್ದಕ್ಕೂ ಮನಸ್ಸು ಹೊಯ್ದಾಡಿತು. ದೇವರ ಗೂಡಿನ ಮುಂದೆ ನಿಂತಾಗ, ಒಬ್ಬ ಹೆಣ್ಣುಮಗಳ ಸಂಸಾರ ಉಳಿಸಲು ಹೋಗುವ ಲಿಂಗಕ್ಕೆ ಮೈಲಿಗೆ ಎಲ್ಲಿಯದು ಎಂದು ಒಳಗಿನಿಂದಲೇ ಬಂತು. ಮಡಿಬಟ್ಟೆಯಲ್ಲಿ ಸುತ್ತಿ ತಂದೆ.

ಗಿರಿಜಾ ಕೈತೊಳೆದು, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಟ್ಟೆ ಸಮೇತ ಫಿಲ್ಮಿನ ಪೆಟ್ಟಿಗೆಯ ಮೇಲಿಟ್ಟು ಎಕ್ಸ್‌ರೇ ತೆಗೆದಳು. ತೊಳೆದು ತಂದು ಹಳೆಯ ಫಿಲ್ಮಿನ ಪಕ್ಕದಲ್ಲಿ ಹಚ್ಚಿದಳು. ಅದೇ ನಿಂಬೆಹಣ್ಣು. ಅದೇ ಅಂಚು.

ತಾಯಿ ಹತ್ತಿರ ಹೋಗಿ ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಆಮೇಲೆ ಬೆಳಕಿನ ಪೆಟ್ಟಿಗೆಗೆ ಕೈಮುಗಿದು, "ಎಪ್ಪಾ, ನೀನಿದ್ದೇನು ಅಲ್ಲಿ! ನಿನಗ ಗಡ್ಡಿ ಅಂದ್ರಲ್ಲೋ!" ಎಂದು ಅಳುತ್ತ ನಕ್ಕಳು. ಸಿದ್ದಮ್ಮ ಕುಳಿತಲ್ಲೇ ಕೆಮ್ಮುತ್ತ ನಕ್ಕಳು. ಕೆಮ್ಮಿಗೆ ಕಾರಣ ಒಲೆಯ ಹೊಗೆ, ಔಷಧಕ್ಕೆ ಬಗ್ಗಿತು.

ಡಾಕ್ಟರು ಗಿರಿಜಾಳಿಗೆ ಹೇಳಿದ್ದು ಒಂದೇ ಮಾತು. "ಕೂಸಿನ ಮಾರಿ ಚಲೋ ನೋಡಿದಿರಿ." ಹೇಳಿ ಬೇಗ ಹೊರಗೆ ಹೋದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ತಮ್ಮ ಕೆಲಸವನ್ನು ಒಬ್ಬರು ಮನಸ್ಸಾರೆ ಕಲಿತದ್ದನ್ನು ನೋಡಲು ಅವರು ಎಷ್ಟು ವರ್ಷ ಕಾದಿದ್ದರೋ.

ಅಷ್ಟರಿಂದ ಸಾವಕಾರರ ಮನಸ್ಸು ಕರಗಿತೆಂದು ತಿಳಿಯಬೇಡಿ. ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ, ಗಿರಿಜಾ ಹೇಳಿಕೊಳ್ಳುವವಳೂ ಅಲ್ಲ. ಆದರೆ ಸಿದ್ದಮ್ಮನ ಮಾವ ತೊಗರಿ ಮಾರುವುದು ಜಹೀರಾಬಾದಿನಲ್ಲಿ, ಅದೂ ವೀರಭದ್ರಪ್ಪನವರ ಅಡತಿಯಲ್ಲೇ. ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಅವನು ಹೋಗಿ, ತೂಕದ ಕಟ್ಟೆಯ ಮೇಲೆ ಹಮಾಲರೆಲ್ಲರ ಮುಂದೆ ಕತೆ ಹೇಳಿದನಂತೆ. "ತಾಂಡೂರಾಗ ಒಬ್ಬಾಕಿ ಸಣ್ಣ ಡಾಕ್ಟರಮ್ಮ ಅದಾಳಲ್ರಿ, ಲಿಂಗದ ಗುರುತು ಹಿಡದಾಳ್ರಿ. ಯಾರ ಮಗಳೋ, ಆಕಿ ಹಡದವರ ಹೊಟ್ಟಿ ತಣ್ಣಗಿರ್ಲಿ" ಎಂದನಂತೆ. ಯಾರ ಮಗಳು ಎಂದು ಅವನಿಗೆ ತಿಳಿದಿರಲಿಲ್ಲ, ಕೇಳುತ್ತ ಕುಳಿತಿದ್ದ ಸಾವಕಾರರಿಗೆ ತಿಳಿಯಿತು.

ಅರ್ಜಿಯ ಕೊನೆಯ ದಿನಕ್ಕೆ ಮೊದಲು ಜೀಪು ಮತ್ತೆ ಬಂತು. ಸಾವಕಾರರು ಈ ಸಲ ಗಿಡದ ಕೆಳಗೆ ನಿಲ್ಲಲಿಲ್ಲ, ಚಪ್ಪಲಿ ಹೊರಗೆ ಬಿಟ್ಟು ನೇರ ನಮ್ಮ ಖೋಲಿಗೆ ಬಂದರು. ಗಿರಿಜಾ ಎದ್ದು ನಿಂತಳು. ಅವರು ಮಗಳ ಜೊತೆ ಮಾತಾಡದೆ ನನ್ನನ್ನು ಕೇಳಿದರು.

"ತಂಗೀ, ಇದ್ರಾಗ ನಿಂತವ್ರಿಗಿ ಮಕ್ಕಳಾಗಂಗಿಲ್ಲಂತ, ಖರೇ ಏನು? ನಮ್ಮನ್ಯಾಕಿ ಊಟಾ ಬಿಟ್ಟು ಕುಂತಾಳ."

"ನನ್ನ ಸಣ್ಣ ಮಗ ಹುಟ್ಟಿದ್ದು ಈ ನೌಕರಿಗಿ ಸೇರಿದ ಮ್ಯಾಲೇರಿ" ಎಂದೆ. "ಬಟನ್ ಒತ್ತೋವಾಗ ನಾವು ಆ ಗ್ವಾಡಿ ಹಿಂದ ನಿಲ್ತೀವಿ. ಗ್ವಾಡಿ ದಾಟಿ ಬರಂಗಿಲ್ಲ. ದೊಡ್ಡ ಡಾಕ್ಟರ್ ದಿನಾ ನೋಡಿ ನಿಲ್ಲಸ್ತಾರ."

ಅವರು ಆ ಗೋಡೆಯ ತನಕ ನಡೆದು ಹೋದರು. ಕಾಳಿನ ಚೀಲ ಬಡಿದು ನೋಡುವವರಂತೆ ಅಂಗೈಯಿಂದ ಎರಡು ಸಲ ಬಡಿದರು. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಇಣುಕಿದರು. ಕಿಟಕಿಯಿಲ್ಲದ ಮೂಲೆ, ಮೇಲಿನ ಚಾವಣಿ, ಕೆಳಗಿನ ಹಾಸುಗಲ್ಲು, ಎಲ್ಲ ನೋಡಿದರು. ಗಿರಿಜಾ ಉಸಿರು ಹಿಡಿದು ನಿಂತಿದ್ದಳು.

"ಬುನಾದಿ ತೋಡಿದ್ದು ತೋಡೇ ಅದ" ಎಂದರು ಸಾವಕಾರರು, ಗೋಡೆಯ ಕಡೆಗೇ ಮುಖ ಮಾಡಿ. "ಇಂಥಾ ಖೋಲಿ ಆದ್ರ, ಗ್ವಾಡಿ ಎಷ್ಟು ದಪ್ಪ ಏಳಿಸ್ಬೇಕು?"

"ನನಗಿನ್ನೂ ಗೊತ್ತಿಲ್ಲಪ್ಪಾ" ಎಂದಳು ಗಿರಿಜಾ. "ಕಲ್ತು ಬಂದು ಹೇಳ್ತೀನಿ."

"ಜಲ್ದಿ ಕಲ್ತು ಬಾ ಮತ್ತ" ಎಂದರು ಅವರು. "ಅಲ್ಲೀತನಕ ಮೇಸ್ತ್ರಿಗಿ ನಿಲ್ಲಂತ ಹೇಳ್ತೀನಿ."